ಸೋಲಾರ್ ಫೀಲ್ಡ್‌ನ ಬಿಸಿನೀರು ಒಂದೇ ಸಮ ನಿಲ್ಲುತ್ತಿಲ್ಲವೇ? ಪಿಐಡಿ ಮುಟ್ಟುವ ಮೊದಲು ಇದನ್ನು ನೋಡಿ

ಪೀಣ್ಯದ ಒಂದು ಕಾರ್ಖಾನೆಯ ಟೆರೇಸ್ ಮೇಲೆ 60 ಫ್ಲಾಟ್ ಪ್ಲೇಟ್ ಕಲೆಕ್ಟರ್‌ಗಳಿವೆ. ಒಂದೊಂದು 2 ಚದರ ಮೀಟರ್, ಒಟ್ಟು 120. ಐದೈದರಂತೆ 12 ಸಾಲು. ಕಲೆಕ್ಟರ್‌ಗಳಲ್ಲಿ ಕಾದ ನೀರು ಕೆಳಗಿನ ಪ್ಲಾಂಟ್ ರೂಮಿಗೆ ಬಂದು, ಹೀಟ್ ಎಕ್ಸ್‌ಚೇಂಜರ್ ಮೂಲಕ ಬಿಡಿಭಾಗ ತೊಳೆಯುವ ಟ್ಯಾಂಕಿಗೆ ಬಿಸಿ ಕೊಟ್ಟು ಮತ್ತೆ ಮೇಲೆ ಹೋಗುತ್ತದೆ. ಫೀಲ್ಡ್‌ನಿಂದ ಬರುವ ನೀರು 80 ಡಿಗ್ರಿಯಲ್ಲಿ ನಿಲ್ಲಬೇಕು. ಅದಕ್ಕೆ ತಕ್ಕಂತೆ, ಪಿಐಡಿ ಎಂಬ ಕಂಟ್ರೋಲರ್ ಲೆಕ್ಕ ಹಾಕಿ ಹೇಳಿದ ಹಾಗೆ, ವಿಎಫ್‌ಡಿ (ಮೋಟರ್‌ಗೆ ಹೋಗುವ ವಿದ್ಯುತ್ತಿನ ಹರ್ಟ್ಸ್ ಬದಲಿಸುವ ಸಾಧನ) ಪಂಪಿನ ವೇಗ ಬದಲಾಯಿಸುತ್ತದೆ. ನೀರು ಜಾಸ್ತಿ ಕಾದರೆ ಪಂಪ್ ಜೋರು, ಕಡಿಮೆ ಕಾದರೆ ನಿಧಾನ.

ನನ್ನನ್ನು ಕರೆದಾಗ ಪರದೆಯ ಮೇಲೆ ಉಷ್ಣಾಂಶದ ಟ್ರೆಂಡ್ ಗೆರೆ ಉಯ್ಯಾಲೆಯ ಹಾಗಿತ್ತು. 68ರಿಂದ 92ಕ್ಕೆ, ಅಲ್ಲಿಂದ ಮತ್ತೆ 68ಕ್ಕೆ. ಒಂದು ಸುತ್ತಿಗೆ ಸುಮಾರು 15 ನಿಮಿಷ. ಮೂರು ವಾರದಿಂದ ಬಂದವರೆಲ್ಲ ಪಿಐಡಿಯ ಗೇನ್ (ತಪ್ಪು ಕಂಡಾಗ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ನಂಬರ್) ತಿರುಗಿಸಿ ಹೋಗಿದ್ದರು. ಮೊದಲು ಯಾವ ನಂಬರ್ ಇತ್ತು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಹಾಗಾಗಿ ಮೊದಲ ಮಾತು: ಈಗ ಇರುವ ನಂಬರ್‌ಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಟ್ಯೂನಿಂಗ್ ಪುಟದಿಂದ ಹೊರಗೆ ಬನ್ನಿ. ಇಂಥ ಫೀಲ್ಡ್‌ಗಳಲ್ಲಿ ಏರಿಳಿತದ ಮೂಲ ಹೆಚ್ಚಾಗಿ ಗೇನ್‌ನಲ್ಲಿ ಇರುವುದಿಲ್ಲ. ಕಂಟ್ರೋಲರ್‌ಗೆ ಸುದ್ದಿ ತಡವಾಗಿ ತಲುಪುತ್ತಿರುತ್ತದೆ. ಆ ತಡವೂ ಹೊತ್ತಿಗೊಂದು ಥರ ಬದಲಾಗುತ್ತಿರುತ್ತದೆ.

ಪಂಪನ್ನು ಮ್ಯಾನ್ಯುಯಲ್‌ಗೆ ಹಾಕಿ

ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಆಕಾಶ ತಿಳಿಯಾಗಿರುವ ದಿನ, ಬೆಳಗ್ಗೆ 11ರಿಂದ 12ರ ನಡುವೆ, ಪಂಪನ್ನು ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಬೆಂಗಳೂರಿನಲ್ಲಿ ಇದಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್ ಬಂತೆಂದರೆ ಮೋಡದ ಓಟ ಶುರುವಾಗುತ್ತದೆ. ಆಗ ಅರ್ಧ ಗಂಟೆ ಸಮನಾದ ಬಿಸಿಲಿಗೆ ದಿನಗಟ್ಟಲೆ ಕಾಯಬೇಕಾಗಬಹುದು.

ಮ್ಯಾನ್ಯುಯಲ್‌ನಲ್ಲಿ ಗೆರೆ ನೇರವಾಯಿತೇ? ಹಾಗಾದರೆ ಏರಿಳಿತ ಹುಟ್ಟಿಸುತ್ತಿರುವುದು ಕಂಟ್ರೋಲ್ ಲೂಪ್, ಅಂದರೆ ಸೆನ್ಸರ್, ಪಿಐಡಿ, ಪಂಪ್ ಸೇರಿದ ಸರಪಳಿ. ಮ್ಯಾನ್ಯುಯಲ್‌ನಲ್ಲೂ ಗೆರೆ ಕುಣಿಯುತ್ತಿದ್ದರೆ ಕಾರಣ ಬೇರೆ ಕಡೆ ಇದೆ: ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ವಾಲ್ವ್, ಅಥವಾ ಒಳಬರುವ ನೀರು. ಒಳಬರುವ ನೀರಿನ ಗೆರೆಯನ್ನು ಅದೇ ಪರದೆಯಲ್ಲಿ ಪಕ್ಕಕ್ಕೇ ಇಟ್ಟುಕೊಂಡು ನೋಡಿ. ಹೀಟ್ ಎಕ್ಸ್‌ಚೇಂಜರ್‌ನ ತೊಳೆಯುವ ಟ್ಯಾಂಕಿನ ಬದಿಯ ಪಂಪ್ ಆನ್-ಆಫ್ ಆಗುತ್ತಿದ್ದರೆ ಫೀಲ್ಡ್‌ಗೆ ಹೋಗುವ ನೀರೇ ಏರಿಳಿಯುತ್ತದೆ. ಹೊರಬರುವ ನೀರು ಕೆಲವು ನಿಮಿಷ ಬಿಟ್ಟು ಅದನ್ನೇ ಅನುಸರಿಸುತ್ತದೆ.

ಇಲ್ಲಿ 35 ಹರ್ಟ್ಸ್‌ಗೆ ಕಟ್ಟಿ ಹಾಕಿದಾಗ ಗೆರೆ ಹತ್ತೇ ನಿಮಿಷದಲ್ಲಿ ಮಲಗಿತು. ಅಂದರೆ ದೋಷ ಲೂಪ್‌ನದು. ಆದರೆ ಪೂರ್ತಿ ಅಷ್ಟೇ ಆಗಿರಲಿಲ್ಲ. ಅದು ಮುಂದೆ ಬರುತ್ತದೆ.

ಸೆನ್ಸರ್ ಎಲ್ಲಿದೆ, ಹೇಗೆ ಕೂತಿದೆ

ಸೆನ್ಸರ್ ಪ್ಲಾಂಟ್ ರೂಮಿನಲ್ಲಿತ್ತು. ವೈರ್ ಎಳೆಯಲು ಸುಲಭ ಅಂತ ಅಲ್ಲಿಟ್ಟಿದ್ದರು. ಟೆರೇಸಿನ ಹೆಡರ್‌ನಿಂದ (ಎಲ್ಲ ಸಾಲುಗಳ ನೀರು ಬಂದು ಸೇರುವ ಪೈಪ್) ಅಲ್ಲಿಗೆ 40 ಮೀಟರ್ ಪೈಪ್. ಒಳವ್ಯಾಸ 40 ಮಿಲಿಮೀಟರ್. ಲೆಕ್ಕ ಹಾಕಿದರೆ ಆ ಪೈಪಿನಲ್ಲೇ 50 ಲೀಟರ್ ನೀರು ಹಿಡಿಯುತ್ತದೆ. ನಿಮಿಷಕ್ಕೆ 42 ಲೀಟರ್ ಹರಿಯುವಾಗ ಮೇಲಿನ ಬಿಸಿ ಸೆನ್ಸರ್ ತನಕ ಬರಲು ಒಂದೂಕಾಲು ನಿಮಿಷ ಬೇಕು. ಹರಿವು 19 ಲೀಟರ್‌ಗೆ ಇಳಿದರೆ ಎರಡೂವರೆ ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಕಂಟ್ರೋಲರ್‌ಗೆ ಮೇಲೆ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ. ಪೈಪ್‌ನ ಈ ತಡ ಬಹಳ ಕೆಟ್ಟದ್ದು. ಇಷ್ಟಿಷ್ಟೇ ಸುಳಿವು ಕೂಡ ಕೊಡುವುದಿಲ್ಲ, ಪೂರ್ತಿ ಕತ್ತಲು.

ಸೆನ್ಸರ್ ಬಿಚ್ಚಿದಾಗ ಇನ್ನೊಂದು ಕಂಡಿತು. ಪಾಕೆಟ್ (ಸೆನ್ಸರ್ ಕೂರಿಸಲು ಪೈಪಿನೊಳಗೆ ಇಳಿಬಿಟ್ಟ ಲೋಹದ ಕೊಳವೆ) ಒಳಗೆ ಬೆರಳಿಗೆ ಸಿಕ್ಕಿದ್ದು ಒಣ ಧೂಳು ಮಾತ್ರ. ಪೇಸ್ಟೂ ಇಲ್ಲ, ಎಣ್ಣೆಯೂ ಇಲ್ಲ. ತೆಳ್ಳಗಿನ ಪಿಟಿ-100 (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಕಡ್ಡಿ ದಪ್ಪ ಪಾಕೆಟ್ ಒಳಗೆ ಲೊಡಲೊಡ ಅಲ್ಲಾಡುತ್ತಿತ್ತು. ಸುತ್ತಲೂ ಗಾಳಿ. ಗಾಳಿ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಅದೇ ಸೈಜಿನ ಒಂದು ಸ್ಪೇರ್ ಪಾಕೆಟ್ ತರಿಸಿ, ಸೆನ್ಸರನ್ನು ಅದರೊಳಗಿಟ್ಟು, 70 ಡಿಗ್ರಿಯ ನೀರಿನ ಬಕೆಟ್‌ನಲ್ಲಿ ಅದ್ದಿದೆವು. 26ರಿಂದ 54 ಡಿಗ್ರಿ ಮುಟ್ಟಲು, ಅಂದರೆ ಏರಬೇಕಾದ್ದರಲ್ಲಿ ನೂರಕ್ಕೆ 63 ಭಾಗ ಏರಲು, 100 ಸೆಕೆಂಡ್ ಹಿಡಿಯಿತು. ಥರ್ಮಲ್ ಪೇಸ್ಟ್ ತುಂಬಿ, ಕಡ್ಡಿಯ ತುದಿ ತಳಕ್ಕೆ ತಾಗುವಂತೆ ಸ್ಪ್ರಿಂಗ್ ಹಾಕಿ ಮತ್ತೆ ಅದ್ದಿದೆವು. 25 ಸೆಕೆಂಡ್. ಒಂದು ಟ್ಯೂಬ್ ಪೇಸ್ಟ್‌ನಿಂದ ಮುಕ್ಕಾಲು ಭಾಗ ತಡ ಹೋಯಿತು, ಅಲ್ವಾ!

ಸೆನ್ಸರನ್ನು ಟೆರೇಸ್ ಹೆಡರ್‌ನ ಬಾಯಿಗೇ ಸಾಗಿಸಿದೆವು. ಇಲ್ಲಿ ಒಂದು ಎಚ್ಚರ. ವೈರ್ ಉದ್ದವಾದರೆ ಎರಡು ವೈರಿನ ಪಿಟಿ-100 ಸುಳ್ಳು ಹೇಳುತ್ತದೆ. 30 ಮೀಟರ್ ಹೋಗಿ 30 ಮೀಟರ್ ಬರುವ 0.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಸುಮಾರು 2.1 ಓಮ್ ರೆಸಿಸ್ಟೆನ್ಸ್. ಪಿಟಿ-100 ಒಂದು ಡಿಗ್ರಿಗೆ 0.385 ಓಮ್ ಬದಲಾಗುತ್ತದೆ. ಅಲ್ಲಿಗೆ ಐದು ಡಿಗ್ರಿಗೂ ಮೀರಿ ಜಾಸ್ತಿ ತೋರಿಸುತ್ತದೆ. ಇದರಿಂದ ಏರಿಳಿತ ಬರುವುದಿಲ್ಲ, ಆದರೆ ನೀವು 80 ಅಂದುಕೊಂಡಿದ್ದು ನಿಜಕ್ಕೂ 75 ಇರುತ್ತದೆ. ಮೂರು ವೈರ್ ಹಾಕಿ. ಇಲ್ಲವಾದರೆ ಸೆನ್ಸರ್ ತಲೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು 4-20 ಮಿಲಿಆಂಪ್ ಸಿಗ್ನಲ್ ಕೆಳಗೆ ಕಳಿಸಿ. ಅನುಮಾನ ಬಂದರೆ ಸೆನ್ಸರ್ ಬಿಚ್ಚಿ, ಅದರ ಜಾಗದಲ್ಲಿ 130.9 ಓಮ್‌ನ ರೆಸಿಸ್ಟರ್ ಕಟ್ಟಿ ನೋಡಿ. ಪರದೆ 80 ತೋರಿಸಬೇಕು.

ತಡವನ್ನು ಅಳೆಯಿರಿ, ಊಹಿಸಬೇಡಿ

ಮತ್ತೆ ಮ್ಯಾನ್ಯುಯಲ್. ಗೆರೆ ಮಲಗಿದ ಮೇಲೆ ಪಂಪನ್ನು 35ರಿಂದ 30 ಹರ್ಟ್ಸ್‌ಗೆ ಒಮ್ಮೆಲೇ ಇಳಿಸಿ, ಗಡಿಯಾರ ನೋಡಿ. ಇಲ್ಲಿ ಹರಿವು 42ರಿಂದ 36 ಲೀಟರ್‌ಗೆ ಇಳಿದು, ನೀರು 3 ಡಿಗ್ರಿ ಏರಬೇಕಿತ್ತು. ಹಳೆಯ ಸೆನ್ಸರ್‌ನಲ್ಲಿ ಮೊದಲ ಒಂದೂವರೆ ನಿಮಿಷ ಗೆರೆ ಅಲ್ಲಾಡಲೇ ಇಲ್ಲ. ಆಮೇಲೆ ನಿಧಾನವಾಗಿ ಏರುತ್ತಾ ಹೋಯಿತು.

ಆ ನಿಧಾನದ ಏರಿಕೆಗೆ ಕಾರಣವಿದೆ. ಕಲೆಕ್ಟರ್‌ಗಳ ಒಳಗೆ ಸುಮಾರು 100 ಲೀಟರ್ ನೀರಿದೆ. ಹರಿವು ಇಳಿದ ಕ್ಷಣವೇ ಅಷ್ಟೂ ನೀರು ನಿಧಾನವಾಗುತ್ತದೆ. ಹೊರಬರುವ ಬಾಯಿಯ ಹತ್ತಿರ ಇರುವ ನೀರಿಗೆ ಹೆಚ್ಚುವರಿ ಬಿಸಿಲು ಸ್ವಲ್ಪವೇ ಸಿಗುತ್ತದೆ. ಆಗ ತಾನೇ ಒಳಗೆ ಬಂದ ನೀರಿಗೆ ಪೂರ್ತಿ ಸಿಗುತ್ತದೆ. ಆ ಕೊನೆಯ ನೀರು ಹೊರಗೆ ಬರುವ ತನಕ ಏರಿಕೆ ಮುಗಿಯುವುದಿಲ್ಲ. 42 ಲೀಟರ್ ಹರಿವಿನಲ್ಲಿ ಇದು ಎರಡೂವರೆ ನಿಮಿಷದ ಒಳಗೆ ಆಗುತ್ತದೆ. 19ರಲ್ಲಿ ಐದು ನಿಮಿಷ ದಾಟುತ್ತದೆ.

ಪೈಪ್‌ನ ತಡ, ಕಲೆಕ್ಟರ್‌ನ ತಡ, ಒಣ ಪಾಕೆಟ್‌ನ ತಡ ಎಲ್ಲ ಕೂಡಿದರೆ ಹತ್ತಿರ ಹತ್ತಿರ ಐದು ನಿಮಿಷ. ತಡ ಜಾಸ್ತಿ ಇರುವ ಲೂಪ್ ಹೊಯ್ದಾಡಲು ಶುರುಮಾಡಿದರೆ ಅದರ ಒಂದು ಸುತ್ತು ಸಾಮಾನ್ಯವಾಗಿ ತಡದ ಎರಡರಿಂದ ನಾಲ್ಕು ಪಟ್ಟು ಇರುತ್ತದೆ. ನಮ್ಮ ಸುತ್ತು 15 ನಿಮಿಷ. ಲೆಕ್ಕ ತಾಳೆಯಾಯಿತು. ನಿಮ್ಮ ಟ್ರೆಂಡ್‌ನಲ್ಲೂ ಇದನ್ನು ಮೊದಲು ನೋಡಿ. ಸುತ್ತು ಎರಡು ಗಂಟೆಯದಾಗಿದ್ದು ತಡ ನಾಲ್ಕೇ ನಿಮಿಷವಾಗಿದ್ದರೆ ಇದು ಆ ಕಾಯಿಲೆ ಅಲ್ಲ.

ಇನ್ನೊಂದು ಸಂಗತಿ ಜನ ಮರೆಯುತ್ತಾರೆ. ಹರಿವು ಅರ್ಧಕ್ಕೆ ಇಳಿದಾಗ ತಡ ಮಾತ್ರ ಇಮ್ಮಡಿ ಆಗುವುದಲ್ಲ. ಒಳಬರುವ ನೀರಿಗೂ ಹೊರಬರುವ ನೀರಿಗೂ 20 ಡಿಗ್ರಿ ಅಂತರ ಅಷ್ಟೇ ಇದ್ದರೆ, ಒಂದು ಲೀಟರ್ ಬದಲಾವಣೆಗೆ ಉಷ್ಣಾಂಶ ಬದಲಾಗುವ ಪ್ರಮಾಣವೂ ಇಮ್ಮಡಿ. 42 ಲೀಟರ್‌ನಲ್ಲಿ ಒಂದು ಲೀಟರ್‌ಗೆ ಅರ್ಧ ಡಿಗ್ರಿ, 21ರಲ್ಲಿ ಹತ್ತಿರ ಒಂದು ಡಿಗ್ರಿ. ಮಟಮಟ ಮಧ್ಯಾಹ್ನ ಚೆನ್ನಾಗಿ ಕೂತ ಟ್ಯೂನಿಂಗ್ ಬೆಳಗ್ಗೆ ಒಂಬತ್ತಕ್ಕೆ ಯಾಕೆ ಕುಣಿಯುತ್ತದೆ ಅನ್ನುವುದಕ್ಕೆ ಉತ್ತರ ಇದೇ. ಹರಿವು ಕಡಿಮೆ ಇದ್ದಾಗ ಗೇನ್ ಕಡಿಮೆ ಮಾಡಿ, ಇಂಟಿಗ್ರಲ್ ಸಮಯ (ಉಳಿದ ತಪ್ಪನ್ನು ಕೂಡಿಸುತ್ತಾ ತಿದ್ದಲು ಪಿಐಡಿ ತೆಗೆದುಕೊಳ್ಳುವ ಸಮಯ) ಹೆಚ್ಚು ಮಾಡಿ. ಎರಡು ಮೂರು ಹಂತದ ಪಟ್ಟಿ ಪಿಎಲ್‌ಸಿಯಲ್ಲಿ (ಪ್ಲಾಂಟ್ ನಡೆಸುವ ಚಿಕ್ಕ ಕಂಪ್ಯೂಟರ್) ಬರೆದರೆ ಸಾಕು.

ಬಿಸಿಲು ನೋಡಿ ಮೊದಲೇ ಹರಿವು ಲೆಕ್ಕ ಹಾಕುವುದು

ನೀರು ಕಾದ ಮೇಲೆ ಪಂಪ್ ಬದಲಾಯಿಸುವುದಕ್ಕಿಂತ, ಬಿಸಿಲು ಬದಲಾದಾಗಲೇ ಪಂಪ್ ಬದಲಾಯಿಸುವುದು ಜಾಣತನ. ಇದಕ್ಕೆ ಫೀಡ್‌ಫಾರ್ವರ್ಡ್ ಅನ್ನುತ್ತಾರೆ. ಸ್ಪೇನಿನ ಅಲ್ಮೇರಿಯಾದ ಅಕ್ಯುರೆಕ್ಸ್ ಫೀಲ್ಡ್‌ನಲ್ಲಿ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆದಿದೆ. ಅಲ್ಲಿ 480 ಕನ್ನಡಿ ಕಲೆಕ್ಟರ್‌ಗಳು, 10 ಸಮಾನಾಂತರ ಲೂಪ್‌ಗಳು, ಒಂದೊಂದು ಲೂಪ್ 172 ಮೀಟರ್, ಒಳಗೆ ಹರಿಯುತ್ತಿದ್ದುದು ಎಣ್ಣೆ. ನಮ್ಮದು ನೀರು, ಕನ್ನಡಿ ಇಲ್ಲ, ಫೀಲ್ಡ್ ಪುಟ್ಟದು. ಆದರೆ ತೊಂದರೆ ಒಂದೇ. ಬಿಸಿಲು ನಮ್ಮ ಕೈಯಲ್ಲಿಲ್ಲ, ಹರಿವು ಮಾತ್ರ ಇದೆ.

ಮಾಡೆಲ್ ಅಂದರೆ ಹೆದರಬೇಕಿಲ್ಲ. ಕಲೆಕ್ಟರ್‌ನ ಟೆಸ್ಟ್ ರಿಪೋರ್ಟ್‌ನಲ್ಲಿ ಎರಡು ನಂಬರ್ ಇರುತ್ತವೆ. ಇಲ್ಲಿನವಕ್ಕೆ 0.70 ಮತ್ತು 4.5. ಮೊದಲನೆಯದು ಬಿಸಿಲಿನಲ್ಲಿ ಎಷ್ಟು ಪಾಲು ಹಿಡಿಯುತ್ತದೆ ಅನ್ನುವುದು. ಎರಡನೆಯದು ಹೊರಗಿನ ಗಾಳಿಗಿಂತ ಒಂದೊಂದು ಡಿಗ್ರಿ ಬಿಸಿ ಇದ್ದಾಗ ಪ್ರತಿ ಚದರ ಮೀಟರ್‌ಗೆ ಎಷ್ಟು ವ್ಯಾಟ್ ಸೋರುತ್ತದೆ ಅನ್ನುವುದು. ಒಳಬರುವ ನೀರು 60 ಡಿಗ್ರಿ, ಹೊರಗಿನ ಗಾಳಿ 28, ಬಿಸಿಲು ಚದರ ಮೀಟರ್‌ಗೆ 900 ವ್ಯಾಟ್ ಅಂತಿಟ್ಟುಕೊಳ್ಳಿ. ಹಿಡಿಯುವುದು 630. ಸೋರುವುದು 32 ಡಿಗ್ರಿಗೆ 144. ಉಳಿಯುವುದು 486. ಅದನ್ನು 120 ಚದರ ಮೀಟರ್‌ಗೆ ಗುಣಿಸಿದರೆ ಸುಮಾರು 58 ಕಿಲೋವ್ಯಾಟ್. ನೀರನ್ನು 20 ಡಿಗ್ರಿ ಏರಿಸಲು ಸೆಕೆಂಡಿಗೆ 0.7 ಕಿಲೋ, ಅಂದರೆ ನಿಮಿಷಕ್ಕೆ 42 ಲೀಟರ್.

ಈಗ ಬಿಸಿಲನ್ನು 400ಕ್ಕೆ ಇಳಿಸಿ. ಹಿಡಿಯುವುದು 280, ಸೋರುವುದು ಅದೇ 144, ಉಳಿಯುವುದು 136 ಮಾತ್ರ. ಬೇಕಾದ ಹರಿವು 12 ಲೀಟರ್. ಬಿಸಿಲು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಯಿತು, ಹರಿವು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋಯಿತು. ಬಿಸಿಲಿಗೆ ನೇರವಾಗಿ ಹರಿವನ್ನು ಕಟ್ಟಿಹಾಕಿದವರು ಎಡವುವುದು ಇಲ್ಲೇ. ಸೋರಿಕೆಯನ್ನು ಮೊದಲು ಕಳೆಯಬೇಕು, ಆಮೇಲೆ ಭಾಗಿಸಬೇಕು. ಪಿಎಲ್‌ಸಿಯಲ್ಲಿ ಇದು ನಾಲ್ಕು ಸಾಲಿನ ಕೋಡ್. ಪಿಐಡಿಗೆ ಉಳಿಯುವುದು ಅದರ ಮೇಲಿನ ಚಿಕ್ಕ ತಿದ್ದುಪಡಿ ಮಾತ್ರ. ಅದರ ಕೈಗೆ ಹರಿವಿನ ನೂರಕ್ಕೆ 15ರಷ್ಟು ಹೆಚ್ಚು ಕಡಿಮೆ ಮಾಡುವ ಅಧಿಕಾರ ಕೊಟ್ಟೆ. ಜಾಸ್ತಿ ಕೊಡಲಿಲ್ಲ.

ಟೆರೇಸ್ ಮೇಲೆ ಹತ್ತಿ

ಇದೆಲ್ಲ ಆದ ಮೇಲೂ ದಿನಕ್ಕೆ ಎರಡು ಮೂರು ಸಲ ಗೆರೆಯಲ್ಲಿ ಚೂಪಾದ ಮುಳ್ಳು ಏಳುತ್ತಿತ್ತು. ಒಂದು ನಿಮಿಷ 95ಕ್ಕೆ ಹಾರಿ ಮತ್ತೆ ವಾಪಸ್. ಅಲ್ಲಿನ ಫಿಟ್ಟರ್ ಅಣ್ಣನ ಜೊತೆ ಮೇಲೆ ಹೋದೆ. ಅವರು ಪ್ರತಿ ಸಾಲಿನ ಹೊರಪೈಪ್ ಮುಟ್ಟುತ್ತಾ ಹೋಗಿ, ಒಂಬತ್ತನೆಯದರ ಹತ್ತಿರ ನಿಂತರು. "ಸಾರ್, ಇದು ತಣ್ಣಗೈತೆ. ಈ ಸಾಲು ಕಾಯ್ತಾನೇ ಇಲ್ಲ."

ಪೈಪ್ ನಿಜಕ್ಕೂ ತಣ್ಣಗಿತ್ತು. ಆದರೆ ಕಲೆಕ್ಟರ್‌ನ ಮೇಲಿನ ಅಂಚಿಗೆ ಕೈ ತಂದಾಗ ಮುಟ್ಟುವ ಮೊದಲೇ ಬಿಸಿ ಹೊಡೆಯಿತು. ಪೈಪ್ ತಣ್ಣಗಿದೆ ಅಂದರೆ ಸಾಲು ಕಾಯುತ್ತಿಲ್ಲ ಅಂತಲ್ಲ, ಅಲ್ಲಿ ನೀರು ಹರಿಯುತ್ತಿಲ್ಲ ಅಂತ. ಮೇಲಿನ ಮೂಲೆಯಲ್ಲಿ ಗಾಳಿ ಕಟ್ಟಿಕೊಂಡಿತ್ತು. ಪಂಪ್ ಜೋರಾದಾಗ ಆ ಗಾಳಿ ಸ್ವಲ್ಪ ಸರಿದು, ಒಳಗೆ ಕುದಿಯುವ ಮಟ್ಟಕ್ಕೆ ಬಂದಿದ್ದ ನೀರು ಒಮ್ಮೆಲೇ ಹೆಡರ್‌ಗೆ ನುಗ್ಗುತ್ತಿತ್ತು. ಮುಳ್ಳು ಏಳುತ್ತಿದ್ದುದು ಹೀಗೆ.

ಗಾಳಿ ತೆಗೆಯುವುದನ್ನು ಬೆಳಗಿನ ಜಾವ ಮಾಡಿ, ಬಿಸಿಲು ಬೀಳುವ ಮೊದಲು. ಲೂಪ್‌ನಲ್ಲಿ ಒತ್ತಡ ಇದ್ದಾಗ ನೀರು 100 ದಾಟಿಯೂ ದ್ರವವಾಗಿಯೇ ಇರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಒತ್ತಡ ಬಿಟ್ಟ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮಧ್ಯಾಹ್ನ ಏರ್ ವೆಂಟ್ ಬಿಚ್ಚಿದರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಹಾಗೆಯೇ ಬಿಸಿಲಿನಲ್ಲಿ ಖಾಲಿ ಕಾದಿರುವ ಕಲೆಕ್ಟರ್‌ಗೆ ತಣ್ಣೀರು ಬಿಡಲೇಬೇಡಿ.

ಗಾಳಿ ಹೋದ ಮೇಲೆ 12 ಸಾಲುಗಳ ಉಷ್ಣಾಂಶವನ್ನೂ ಒಂದೊಂದಾಗಿ ಅಳೆಯಿರಿ. ಇನ್‌ಫ್ರಾರೆಡ್ ಗನ್ ಹಿಡಿದು ಹೊಳೆಯುವ ತಾಮ್ರದ ಮೇಲೆ ನೇರವಾಗಿ ತೋರಿಸಿದರೆ ಸುಳ್ಳು ರೀಡಿಂಗ್ ಬರುತ್ತದೆ. ಅದೇ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿ, ಟೇಪ್ ಮೇಲೆ ಅಳೆಯಿರಿ. ಪ್ರತಿ ಸಾಲಿಗೆ ಮೂರೂವರೆ ಲೀಟರ್ ಹರಿದರೆ ಎಲ್ಲವೂ 80ರ ಆಸುಪಾಸು ಇರಬೇಕು. ಎರಡೇ ಲೀಟರ್ ಸಿಗುವ ಸಾಲು 90 ದಾಟುತ್ತದೆ. ಹೆಡರ್‌ನಲ್ಲಿ ಎಲ್ಲ ಕಲೆತ ಮೇಲೆ ಸರಾಸರಿ 80 ತೋರಿಸಿದರೂ ಒಳಗೆ ಒಂದು ಸಾಲು ಸುಡುತ್ತಿರಬಹುದು. ಇಲ್ಲಿ ಮೊದಲ ಎರಡು ಸಾಲು 72, ಕೊನೆಯ ಎರಡು 91. ಪಂಪಿಗೆ ಹತ್ತಿರದವು ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದವು. ಬ್ಯಾಲೆನ್ಸಿಂಗ್ ವಾಲ್ವ್ ತಿರುಗಿಸಿ ಸಮ ಮಾಡಲು ಅರ್ಧ ದಿನ ಹೋಯಿತು. ಹೊಸದಾಗಿ ಪೈಪ್ ಹಾಕುವವರು ಮೊದಲು ನೀರು ಪಡೆಯುವ ಸಾಲು ಕೊನೆಗೆ ವಾಪಸ್ ಸೇರುವಂತೆ ಹಾಕಿದರೆ ಈ ಕೆಲಸವೇ ಬಹುಪಾಲು ಉಳಿಯುತ್ತದೆ.

ವಾಲ್ವ್ ಪೂರ್ತಿ ತೆರೆದರೂ ಒಂದು ಸಾಲು ಬಿಸಿಯಾಗಿಯೇ ಇದ್ದರೆ ಒಳಗೆ ಉಪ್ಪು ಕಟ್ಟಿರಬಹುದು. ಬೋರ್‌ವೆಲ್‌ನ ಗಡಸು ನೀರು ತುಂಬಿಸಿದ ಲೂಪ್‌ಗಳಲ್ಲಿ ಇದು ಬರುತ್ತದೆ, ಅದರಲ್ಲೂ ಸೋರಿಕೆ ಇದ್ದು ಆಗಾಗ ಹೊಸ ನೀರು ಸೇರುತ್ತಿದ್ದರೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಡೀಸ್ಕೇಲಿಂಗ್.

ಬಿಸಿಲು ಕಡಿಮೆ ಇದ್ದಾಗ ಮಾತ್ರ ಕುಣಿದರೆ

ಬೆಳಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ಇನ್ನೊಂದು ಬಗೆಯ ಕುಣಿತ ಉಳಿದಿತ್ತು. ಕಾರಣ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್. ಪಂಪಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ 10 ಮೀಟರ್ ಎತ್ತುವ ಪಂಪ್ 15 ಹರ್ಟ್ಸ್‌ನಲ್ಲಿ 0.9 ಮೀಟರ್ ಮಾತ್ರ. ವಾಲ್ವ್‌ನ ಸ್ಪ್ರಿಂಗ್ ತಳ್ಳಿ ತೆರೆಯಲು ಅದು ಸಾಲಲಿಲ್ಲ. ವಾಲ್ವ್ ಮುಚ್ಚಿತು, ಹರಿವು ಸೊನ್ನೆ. ಸೆನ್ಸರ್ ಹತ್ತಿರದ ನೀರು ನಿಂತಲ್ಲೇ ತಣ್ಣಗಾಯಿತು. ಕಂಟ್ರೋಲರ್ ಅದನ್ನು ನೋಡಿ ಪಂಪನ್ನು ಇನ್ನೂ ನಿಧಾನ ಮಾಡಿತು. ಮೇಲೆ ಕಲೆಕ್ಟರ್ ಕಾಯುತ್ತಲೇ ಇತ್ತು. ಕಡೆಗೆ ಬಿಸಿಲು ಏರಿ ವಾಲ್ವ್ ತೆರೆದಾಗ ಕುದಿನೀರು ಬಂತು.

ಗುರುತು ಹಿಡಿಯುವುದು ಸುಲಭ. ಪಂಪ್ ಹರ್ಟ್ಸ್ ತೋರಿಸುತ್ತಿರುತ್ತದೆ, ಫ್ಲೋ ಮೀಟರ್ ಸೊನ್ನೆ ಇರುತ್ತದೆ. ಹಗುರ ಸ್ಪ್ರಿಂಗಿನ ವಾಲ್ವ್ ಹಾಕಿ, ವಿಎಫ್‌ಡಿಯ ಕನಿಷ್ಠ ವೇಗ 16 ಹರ್ಟ್ಸ್‌ಗೆ ನಿಲ್ಲಿಸಿದೆವು. ಅಲ್ಲಿ ಹರಿವು 19 ಲೀಟರ್. 400 ವ್ಯಾಟ್ ಬಿಸಿಲಿನಲ್ಲಿ ಅಷ್ಟು ಹರಿದರೆ ನೀರು 72 ಡಿಗ್ರಿಗೆ ಮಾತ್ರ ಬರುತ್ತದೆ. ಅದನ್ನು ಒಪ್ಪಿಕೊಳ್ಳಿ. 80 ಬೇಕೇ ಬೇಕು ಅಂತ ಹಟ ಹಿಡಿದರೆ ಮತ್ತೆ ಕುಣಿತ ಶುರು. ಆ ಹೊತ್ತಿನಲ್ಲಿ ಸೆಟ್‌ಪಾಯಿಂಟ್ (ಗುರಿಯ ಉಷ್ಣಾಂಶ) ತಾನಾಗೇ 70ಕ್ಕೆ ಇಳಿಯುವಂತೆ ಬರೆದೆವು.

ಮೋಡ ಹೋದ ಮೇಲೆ ಹಾರಿದರೆ

ಹತ್ತು ನಿಮಿಷ ಮೋಡ ಮುಚ್ಚಿ, ಬಿಸಿಲು ಬಂದ ತಕ್ಷಣ ನೀರು 90 ದಾಟುತ್ತದೆಯೇ? ಇದು ಇಂಟಿಗ್ರಲ್ ವೈಂಡಪ್. ಮೋಡದಲ್ಲಿ ಪಂಪ್ ಕನಿಷ್ಠ ವೇಗಕ್ಕೆ ಬಂದು ನಿಂತಿರುತ್ತದೆ. ಆದರೂ ಪಿಐಡಿ ಒಳಗೆ ಕೊರತೆಯನ್ನು ಕೂಡಿಸುತ್ತಲೇ ಹೋಗುತ್ತದೆ. ಬಿಸಿಲು ಬಂದ ಮೇಲೆ ಆ ಕೂಡಿಟ್ಟ ಸಾಲವೆಲ್ಲ ತೀರುವ ತನಕ ಪಂಪ್ ಏಳುವುದಿಲ್ಲ. ಪಂಪ್ ಮಿತಿ ಮುಟ್ಟಿದಾಗ ಇಂಟಿಗ್ರಲ್ ನಿಲ್ಲುವಂತೆ ಮಾಡಿ. ಬಹಳಷ್ಟು ಪಿಎಲ್‌ಸಿಗಳಲ್ಲಿ ಇದಕ್ಕೆ ಒಂದು ಟಿಕ್ ಗುರುತು ಇರುತ್ತದೆ, ಹಾಕಿರುವುದಿಲ್ಲ ಅಷ್ಟೇ. ವಿಎಫ್‌ಡಿಯ ಕನಿಷ್ಠ ಮಿತಿಯನ್ನೇ ಪಿಐಡಿಗೂ ಕೊಡಿ. ಪಿಐಡಿ ಸೊನ್ನೆ ತನಕ ಇಳಿಯಬಹುದು ಅಂದುಕೊಂಡಿದ್ದು ವಿಎಫ್‌ಡಿ 16ಕ್ಕೆ ನಿಂತಿದ್ದರೆ, ಟಿಕ್ ಹಾಕಿಯೂ ಪ್ರಯೋಜನವಿಲ್ಲ.

ಆಮೇಲೆ ಏನನ್ನು ಗಮನಿಸಬೇಕು

ಈಗ ತಿಳಿಯಾದ ಮಧ್ಯಾಹ್ನ ನೀರು 79 ಮತ್ತು 81ರ ನಡುವೆ ಇರುತ್ತದೆ. ಮೋಡ ಓಡುವ ದಿನ 75ರಿಂದ 84. ವಾರಕ್ಕೊಮ್ಮೆ ಪಿಐಡಿಯ ತಿದ್ದುಪಡಿ ಎಷ್ಟಿದೆ ನೋಡಿ ಅಂತ ಫಿಟ್ಟರ್ ಅಣ್ಣನಿಗೆ ಹೇಳಿದ್ದೇನೆ. ಅದು ಸೊನ್ನೆಯ ಅಕ್ಕಪಕ್ಕ ಇದ್ದರೆ ಸರಿ. ದಿನವೂ ಹರಿವನ್ನು ಹೆಚ್ಚಿಸುವ ಕಡೆಗೇ ವಾಲುತ್ತಿದ್ದರೆ ಬಿಸಿಲು ಅಳೆಯುವ ಪೈರನೋಮೀಟರ್‌ನ ಗಾಜಿನ ಮೇಲೆ ಧೂಳು ಕೂತಿದೆ. ಬಿಸಿಲು ಕಡಿಮೆ ಅಂತ ಅದು ಹೇಳುತ್ತಿದೆ, ನೀರು ಜಾಸ್ತಿ ಕಾಯುತ್ತಿದೆ. ಹರಿವನ್ನು ಇಳಿಸುವ ಕಡೆಗೇ ವಾಲುತ್ತಿದ್ದರೆ ಧೂಳು ಕಲೆಕ್ಟರ್‌ಗಳ ಗಾಜಿನ ಮೇಲಿದೆ. ಹೋದ ಸಲ ಫೋನ್ ಮಾಡಿ, "ಸಾರ್, ಮೈನಸ್ ಎಂಟು ಬಂದೈತೆ, ನಾಳೆ ಬೆಳಗ್ಗೆ ಗಾಜು ತೊಳೆಸ್ತೀನಿ" ಅಂದರು. ತೊಳೆದ ಮಾರನೇ ದಿನ ಅದು ಮೈನಸ್ ಒಂದಕ್ಕೆ ಬಂದಿತ್ತು.